ಮನೆ ಮೇಲೆ ವಿಮಾನ ಹಾರೋ ಸದ್ದಿಗೆ ದೂರು ಕೊಡೋದು ಹೇಗೆ: ಬೆಂಗಳೂರು ಸುತ್ತಮುತ್ತಲಿನವರಿಗೆ

ದೇವನಹಳ್ಳಿ ಸುತ್ತ ಇರೋ ಊರವರಾಗ್ಲಿ, ಯಲಹಂಕ ಜಕ್ಕೂರು ಕಡೆ ಅಪಾರ್ಟ್‌ಮೆಂಟ್‌ನವರಾಗ್ಲಿ, ಹಳೇ ಏರ್‌ಪೋರ್ಟ್ ರೋಡ್, ಮುರುಗೇಶಪಾಳ್ಯ, ವಿಮಾನಪುರದವರಾಗ್ಲಿ, ಎಲ್ರೂ ಬರೆಯೋ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ: "ವಿಮಾನದ ಸೌಂಡ್ ತುಂಬಾ ಜಾಸ್ತಿ ಆಗಿದೆ, ರಾತ್ರಿ ನಿದ್ದೆ ಇಲ್ಲ, ದಯವಿಟ್ಟು ಕ್ರಮ ತಗೊಳ್ಳಿ." ಬರೆದಿರೋದು ನೂರಕ್ಕೆ ನೂರು ನಿಜ. ಆದ್ರೆ ಇದಕ್ಕೆ ಬರೋ ಉತ್ತರನೂ ಒಂದೇ ಥರ, ವಿಮಾನಗಳು ನಿಯಮದ ಪ್ರಕಾರನೇ ಹಾರಾಡ್ತಿವೆ ಅಂತ ಎರಡು ಸಾಲು, ಅಲ್ಲಿಗೆ ಫೈಲ್ ಕ್ಲೋಸ್. ಯಾವ ವಿಮಾನ, ಯಾವ ದಿನ, ಎಷ್ಟು ಗಂಟೆಗೆ, ಯಾರ ಕಡೆಯಿಂದ ಏನಾಗ್ಬೇಕು, ಈ ನಾಲ್ಕೂ ಇದ್ರೆ ಮಾತ್ರ ಆ ಎರಡು ಸಾಲಿನ ಉತ್ತರ ಕೊಟ್ಟು ಕೈ ತೊಳ್ಕೊಳ್ಳೋದು ಅವರಿಗೆ ಕಷ್ಟ ಆಗುತ್ತೆ. ಅದನ್ನ ಹೇಗೆ ಮಾಡೋದು ಅಂತ ಬರೀತಿದ್ದೀನಿ, ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಅದಕ್ಕೂ ಮುಂಚೆ ಒಂದು ಮಾತು. "ಏರ್‌ಪೋರ್ಟ್ ಇದೆ ಅಂತ ಗೊತ್ತಿದ್ದೇ ತಾನೆ ಅಲ್ಲಿ ಮನೆ ಮಾಡಿದ್ದು" ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ, ಅದಕ್ಕೆ ಕುಗ್ಗಬೇಡಿ. ಕೆಂಪೇಗೌಡ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ 24ಕ್ಕೆ. ಸುತ್ತಲಿನ ಹಳ್ಳಿಗಳು ಅದಕ್ಕಿಂತ ನೂರಾರು ವರ್ಷ ಹಳೇವು, ಜಮೀನು ಕೊಟ್ಟೋರೂ ಅವರೇ. ಆಮೇಲೆ ಬಂದೋರ ವಿಷಯಕ್ಕೆ ಬಂದ್ರೂ, ಎರಡನೇ ರನ್‌ವೇ ಬಳಕೆಗೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ, ಅಂದ್ರೆ 2012ರಲ್ಲೋ 2015ರಲ್ಲೋ ಒಂದು ರನ್‌ವೇ ನೋಡ್ಕೊಂಡು ಸೈಟ್ ತಗೊಂಡವರ ತಲೆ ಮೇಲೆ ಆಮೇಲೆ ಇನ್ನೊಂದು ದಾರಿ ಶುರುವಾಗಿದೆ. ಏರ್‌ಪೋರ್ಟ್ ಬೇಡ ಅಂತ ಯಾರೂ ಕೇಳ್ತಿಲ್ಲ, ರಾತ್ರಿ ನಿದ್ದೆ ಬೇಕು ಅಂತ ಕೇಳ್ತಿರೋದು, ಅದನ್ನ ಕೇಳೋಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ.

ಮೊದಲು ವಿಮಾನ ಯಾರದ್ದು ಅಂತ ತಿಳ್ಕೊಳ್ಳಿ

ತುಂಬಾ ಜನ ಎಡವೋದು ಇಲ್ಲೇ. ಬೆಂಗಳೂರಲ್ಲಿ ವಿಮಾನ ಹಾರೋ ಜಾಗ ಒಂದಲ್ಲ. ದೇವನಹಳ್ಳಿಯದ್ದು ಪ್ಯಾಸೆಂಜರ್ ಮತ್ತು ಕಾರ್ಗೋ ವಿಮಾನಗಳಿಗೆ. ಎಚ್‌ಎಎಲ್ ಏರ್‌ಪೋರ್ಟ್‌ನಿಂದ ತೇಜಸ್ ಥರದ ಯುದ್ಧವಿಮಾನ, ಹೆಲಿಕಾಪ್ಟರ್‌ಗಳ ಟೆಸ್ಟ್ ಹಾರಾಟ, ವಿಐಪಿ ಮತ್ತು ಚಾರ್ಟರ್ಡ್ ವಿಮಾನಗಳು ನಡೀತವೆ. ಯಲಹಂಕದ್ದು ವಾಯುಪಡೆ ನೆಲೆ, ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯೋದೂ ಅಲ್ಲೇ. ಜಕ್ಕೂರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ, ಪುಟ್ಟ ಟ್ರೈನಿಂಗ್ ವಿಮಾನಗಳು ತಗ್ಗಿನಲ್ಲಿ ಸುತ್ತು ಹಾಕ್ತವೆ. ಯಲಹಂಕದಲ್ಲಿ ಕೂತು ವಾಯುಪಡೆ ವಿಮಾನದ ಸದ್ದಿಗೆ ದೇವನಹಳ್ಳಿ ಏರ್‌ಪೋರ್ಟ್‌ಗೆ ದೂರು ಬರೆದ್ರೆ "ನಮಗೆ ಸಂಬಂಧಿಸಿದ್ದಲ್ಲ" ಅಂತ ಅವರು ಹೇಳೋದು ಸರಿನೇ, ಆದ್ರೆ ನಿಮ್ಮ ಒಂದು ತಿಂಗಳು ಹೋಯ್ತು.

ಕಂಡುಹಿಡಿಯೋಕೆ ಫೋನಲ್ಲಿ ಫ್ಲೈಟ್‌ರೇಡಾರ್24 ಥರದ ಯಾವುದಾದ್ರೂ ಆ್ಯಪ್ ಹಾಕ್ಕೊಳ್ಳಿ, ದುಡ್ಡು ಕೊಡೋದು ಬೇಕಿಲ್ಲ. ಸದ್ದು ಬಂದ ತಕ್ಷಣ ತೆಗೆದು ನೋಡಿದ್ರೆ ಫ್ಲೈಟ್ ನಂಬರ್, ವಿಮಾನದ ಮಾಡೆಲ್, ಎತ್ತರ, ಎಲ್ಲಿಂದ ಎಲ್ಲಿಗೆ, ಎಲ್ಲಾ ಇರುತ್ತೆ. ನಡುರಾತ್ರಿ ಎದ್ದು ಫೋನ್ ಹುಡುಕೋದು ಬೇಡ ಅನ್ಸಿದ್ರೆ ಟೈಮ್ ಮಾತ್ರ ನೆನಪಿಟ್ಕೊಳ್ಳಿ, ಬೆಳಿಗ್ಗೆ ಪ್ಲೇಬ್ಯಾಕ್‌ನಲ್ಲಿ ಆ ನಿಮಿಷಕ್ಕೆ ಹೋಗಿ ನೋಡ್ಬಹುದು, ಜಾಸ್ತಿ ದಿನ ಬಿಟ್ರೆ ಮಾತ್ರ ಫ್ರೀ ಅಕೌಂಟ್‌ನಲ್ಲಿ ಸಿಗಲ್ಲ. ಕಿವಿಗಡಚಿಕ್ಕೋ ಸದ್ದು ಬಂತು, ಆ್ಯಪ್‌ನಲ್ಲಿ ಏನೂ ಕಾಣ್ತಿಲ್ಲ ಅಂದ್ರೆ ಹೆಚ್ಚಿನಂಶ ಅದು ಮಿಲಿಟರಿ ವಿಮಾನ, ಅವು ಸಾಮಾನ್ಯವಾಗಿ ಈ ಆ್ಯಪ್‌ಗಳಲ್ಲಿ ತೋರ್ಸಲ್ಲ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ, ಯಾಕಂದ್ರೆ ಬೆಂಗಳೂರಿನವರ ದೂರು ಬಿದ್ದು ಹೋಗೋದು ಇದ್ರಿಂದನೇ. ಆ್ಯಪ್‌ನಲ್ಲಿ ತೋರ್ಸೋ ಎತ್ತರ ಸಮುದ್ರ ಮಟ್ಟದ ಲೆಕ್ಕದ್ದು, ನಿಮ್ಮ ಮನೆ ತಾರಸಿಯಿಂದ ಅಲ್ಲ. ದೇವನಹಳ್ಳಿ ಏರ್‌ಪೋರ್ಟ್ ಇರೋದೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಹಾಗಾಗಿ ಆ್ಯಪ್ 4,200 ಅಡಿ ಅಂತ ತೋರ್ಸಿದ್ರೆ ವಿಮಾನ ನಿಮ್ಮ ತಲೆ ಮೇಲೆ ಇರೋದು ಹೆಚ್ಚುಕಮ್ಮಿ 1,200 ಅಡಿಯಲ್ಲಿ. 4,200 ಅಂತಲೇ ಬರೆದ್ರೆ ಓದೋರು "ಅಷ್ಟು ಎತ್ತರದಲ್ಲಿದ್ರೆ ಏನು ತೊಂದ್ರೆ" ಅಂತಾರೆ. ನಿಜವಾದ ಎತ್ತರ ಬರೆದು, ಹೇಗೆ ಲೆಕ್ಕ ಹಾಕಿದ್ದು ಅಂತ ಒಂದು ಸಾಲು ಸೇರ್ಸಿ. ಮಂಗಳೂರು ಕಡೆಯವರಿಗೆ ಈ ಕಳೆಯೋ ಲೆಕ್ಕ ತುಂಬಾ ಸಣ್ಣದು, ನಮಗೆ ದೊಡ್ಡದು.

ಇನ್ನೊಂದು ಲೆಕ್ಕನೂ ಉಪಯೋಗಕ್ಕೆ ಬರುತ್ತೆ. ಇಳಿಯೋ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತೆ, ಅಂದ್ರೆ ರನ್‌ವೇ ಇನ್ನು ಒಂದು ಕಿಲೋಮೀಟರ್ ದೂರ ಇದೆ ಅನ್ನೋವಾಗ ಸುಮಾರು 170 ಅಡಿ ಮೇಲೆ, 5 ಕಿಲೋಮೀಟರ್ ಅಂದ್ರೆ 850–900 ಅಡಿ, 10 ಕಿಲೋಮೀಟರ್ ಅಂದ್ರೆ 1,700 ಅಡಿ ಆಸುಪಾಸು. ನಿಮ್ಮ ಮನೆಯಿಂದ ರನ್‌ವೇ ತುದಿಗೆ ಮ್ಯಾಪ್‌ನಲ್ಲಿ ದೂರ ಅಳೆದು ನೋಡಿ. ವಿಮಾನ ಈ ಲೆಕ್ಕಕ್ಕೆ ಸರಿಯಾಗಿ ಬರ್ತಿದ್ರೆ "ತುಂಬಾ ತಗ್ಗಿನಲ್ಲಿ ಹಾರ್ತಿದೆ" ಅಂತ ದೂರು ಬರೆದು ಪ್ರಯೋಜನ ಇಲ್ಲ, ಅದು ಬರಬೇಕಾದ ದಾರಿಯಲ್ಲೇ ಬರ್ತಿದೆ, ಆಗ ಕೇಳಬೇಕಾಗಿರೋದು ಬೇರೆ. ಏನು ಅಂತ ಮುಂದೆ ಹೇಳ್ತೀನಿ.

ಗಾಳಿ ಯಾವ ಕಡೆ ಅಂತ ಗೊತ್ತಿರಲಿ

ವಿಮಾನ ಏರೋದೂ ಇಳಿಯೋದೂ ಗಾಳಿಗೆ ಎದುರಾಗಿ. ಕೆಂಪೇಗೌಡ ಏರ್‌ಪೋರ್ಟ್‌ನ ಎರಡೂ ರನ್‌ವೇ ಪೂರ್ವ-ಪಶ್ಚಿಮ ಉದ್ದಕ್ಕೆ ಇವೆ, ಒಂದೊಂದೂ 4 ಕಿಲೋಮೀಟರ್. ಮಳೆಗಾಲದಲ್ಲಿ ಪಶ್ಚಿಮದ ಗಾಳಿ, ಆಗ ವಿಮಾನಗಳು ಪೂರ್ವದ ಕಡೆಯಿಂದ ಇಳಿದು ಪಶ್ಚಿಮಕ್ಕೆ ಏರ್ತವೆ. ಚಳಿಗಾಲದಲ್ಲಿ ಪೂರ್ವದ ಗಾಳಿ, ಆಗ ಎಲ್ಲಾ ಉಲ್ಟಾ. ಏಕಾಏಕಿ "ನಮ್ಮ ಊರ ಮೇಲೆ ರೂಟ್ ಚೇಂಜ್ ಮಾಡಿಬಿಟ್ಟಿದ್ದಾರೆ" ಅಂತ ಗಾಬರಿ ಆಗೋರಲ್ಲಿ ಎಷ್ಟೋ ಜನರ ವಿಷಯದಲ್ಲಿ ಆಗಿರೋದು ಇಷ್ಟೇ, ಗಾಳಿ ತಿರುಗಿದೆ. ಹಾಗಾಗಿ ಒಂದು ವಾರದ ಲೆಕ್ಕ ಇಟ್ಕೊಂಡು ವರ್ಷಪೂರ್ತಿ ಹೀಗೇ ಅಂತ ಬರೀಬೇಡಿ, ಎರಡು ಸೀಸನ್‌ನಲ್ಲೂ ಒಂದೊಂದು ಸಲ ಬರೆದಿಡಿ. ಗಾಳಿ ಅದೇ ಇದ್ದು ದಾರಿ ಬದಲಾಗಿದ್ರೆ ಮಾತ್ರ ಅದು ನಿಜವಾದ ಬದಲಾವಣೆ, ಅದನ್ನ ಪ್ರಶ್ನೆ ಮಾಡಿ.

ಚಳಿಗಾಲದ ಬೆಳಗಿನ ಜಾವ ಸದ್ದು ಜಾಸ್ತಿ ಅನ್ಸೋದು ಬರೀ ಭ್ರಮೆ ಅಲ್ಲ. ನೆಲದ ಹತ್ರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಕೂತಾಗ ಸದ್ದು ಮೇಲಕ್ಕೆ ಹೋಗದೆ ನೆಲದ ಕಡೆಗೇ ಬಾಗುತ್ತೆ, ದೂರದ ಊರಿಗೂ ಕೇಳ್ಸುತ್ತೆ.

ಪುಸ್ತಕದಲ್ಲಿ ಬರೆದಿಡೋದು

ಒಂದು ನೋಟ್‌ಬುಕ್ ಅಥವಾ ಫೋನಲ್ಲೇ ಒಂದು ಶೀಟ್ ಮಾಡ್ಕೊಳ್ಳಿ. ಒಂದು ಸಾಲು ಹೀಗಿರಲಿ: ದಿನಾಂಕ, ರಾತ್ರಿ 2:17, ಫ್ಲೈಟ್ ನಂಬರ್ ಇಂಥದ್ದು, ಎ321 (ವಿಮಾನದ ಮಾಡೆಲ್), ಟೇಕಾಫ್, ಪಶ್ಚಿಮಕ್ಕೆ, ಮನೆ ಮೇಲೆ ಸುಮಾರು 1,900 ಅಡಿ, ಬೆಡ್‌ರೂಮ್ ಕಿಟಕಿ ಹೊರಗೆ ಅತಿ ಹೆಚ್ಚು 78 ಡೆಸಿಬೆಲ್, ಮಗು ಎದ್ದು ಅತ್ತಿದ್ದು, ಮತ್ತೆ ಮಲಗೋಕೆ ಮುಕ್ಕಾಲು ಗಂಟೆ. ಇಷ್ಟೇ. ಬೈಗುಳ ಬೇಡ, "ಯಾವಾಗ್ಲೂ" "ಪ್ರತಿ ನಿಮಿಷಕ್ಕೂ" ಅನ್ನೋ ಮಾತೂ ಬೇಡ. ಸದ್ದು ಇಲ್ಲದ ರಾತ್ರಿಗಳನ್ನೂ ಬರೀರಿ, ಆಗ ನಿಮ್ಮ ಪುಸ್ತಕನ ನಂಬ್ತಾರೆ. ಎರಡು ಮೂರು ವಾರ ಹೀಗೆ ಬರೆದ್ರೆ ನಿಮಗೇ ಒಂದು ನಮೂನೆ ಕಾಣೋಕೆ ಶುರುವಾಗುತ್ತೆ, ಕಾಟ ಕೊಡ್ತಿರೋದು ಎಲ್ಲಾ ವಿಮಾನಗಳಲ್ಲ, ರಾತ್ರಿ ಒಂದರಿಂದ ನಾಲ್ಕರೊಳಗೆ ಹೋಗೋ ಕೆಲವು ದೊಡ್ಡ ವಿಮಾನಗಳು ಅಂತಲೋ, ಹಳೇ ಮಾಡೆಲ್‌ಗಳು ಅಂತಲೋ.

ಮಾಡೆಲ್ ಬರೆಯೋದು ಯಾಕೆ ಮುಖ್ಯ ಅಂದ್ರೆ, ಎ320 ನಿಯೋ ಥರ ಹೊಸ ಇಂಜಿನ್ ಇರೋವು ಹಳೇ ಎ320ಗಳಿಗಿಂತ ಸದ್ದು ಕಮ್ಮಿ. ಹಳೇ ಎ320 ಇಳಿಯೋಕೆ ಬರುವಾಗ ಒಂದು ಸಿಳ್ಳೆ ಥರ ಕೀಚಲು ಸದ್ದು ಬರ್ತಿತ್ತು, ಅದು ಇಂಜಿನ್ನಿಂದ ಅಲ್ಲ, ರೆಕ್ಕೆ ಕೆಳಗಿರೋ ಇಂಧನ ಟ್ಯಾಂಕಿನ ಗಾಳಿ ತೂತುಗಳ ಮೇಲೆ ಗಾಳಿ ಹಾಯೋದ್ರಿಂದ. ಅದರ ಮುಂದೆ ಒಂದು ಪುಟ್ಟ ಲೋಹದ ಪಟ್ಟಿ ಕೂರಿಸಿದ್ರೆ ಸಿಳ್ಳೆ ನಿಲ್ಲುತ್ತೆ ಅಂತ ಗೊತ್ತಾಗಿ 2014ರಿಂದ ಜರ್ಮನಿಯ ಏರ್‌ಲೈನ್ ಲುಫ್ತಾನ್ಸಾ ತನ್ನ ವಿಮಾನಗಳಿಗೆ ಹಾಕ್ಸೋಕೆ ಶುರು ಮಾಡ್ತು. ಸಣ್ಣ ರಿಪೇರಿಯಿಂದಲೂ ಸದ್ದು ಇಳಿಸ್ಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ, ದೂರಲ್ಲಿ ಧೈರ್ಯವಾಗಿ ಬರೀರಿ.

ಡೆಸಿಬೆಲ್ ಅಳೆಯೋಕೆ ಫೋನ್ ಆ್ಯಪ್ ಸಾಕು, ಐಫೋನ್ ಇದ್ರೆ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್‌ನ ಸೌಂಡ್ ಲೆವೆಲ್ ಮೀಟರ್ ಫ್ರೀ ಸಿಗುತ್ತೆ. ಸೆಟ್ಟಿಂಗ್‌ನಲ್ಲಿ ಎ-ವೆಯ್ಟಿಂಗ್ (ಮನುಷ್ಯನ ಕಿವಿಗೆ ಕೇಳೋ ಥರ ಅಳೆಯೋ ಆಯ್ಕೆ) ಇರಲಿ. ಫ್ಯಾನ್ ಆಫ್ ಮಾಡಿ, ಫೋನ್ ಮೈಕ್‌ಗೆ ಗಾಳಿ ಬಡಿಯದ ಹಾಗೆ ಹಿಡೀರಿ, ಪ್ರತಿ ಸಲ ಅದೇ ಜಾಗದಲ್ಲಿ ಅಳೀರಿ, ವಿಮಾನ ಇಲ್ಲದಾಗ ಎಷ್ಟಿತ್ತು ಅಂತಲೂ ಬರೀರಿ. ಫೋನಿನ ಅಳತೆ ಕೋರ್ಟಲ್ಲಿ ನಿಲ್ಲಲ್ಲ, ಆದ್ರೆ "ಇಲ್ಲಿ ಸರಿಯಾದ ಮೀಟರ್ ಇಟ್ಟು ಅಳೀರಿ" ಅಂತ ಕೇಳೋಕೆ ಅದೇ ಆಧಾರ.

ಮಿತಿ ಎಷ್ಟು, ಸರಾಸರಿಯ ಆಟ ಏನು

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತಿದೆ. ಹಗಲು ಅಂದ್ರೆ ಬೆಳಿಗ್ಗೆ 6ರಿಂದ ರಾತ್ರಿ 10. ಎಲ್ರೂ ಇದನ್ನೇ ಹಿಡ್ಕೊಂಡು ದೂರು ಬರೀತಾರೆ, ಆದ್ರೆ ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ವಿಮಾನ ನಿಲ್ದಾಣಗಳಿಗೇ ಬೇರೆ ಮಿತಿ ತಂದಿದೆ. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಏರಿಳಿತ (ಟೇಕಾಫ್, ಲ್ಯಾಂಡಿಂಗ್ ಎರಡೂ ಸೇರಿ) ಇರೋ ಬ್ಯುಸಿ ಏರ್‌ಪೋರ್ಟ್‌ಗೆ ಹಗಲು 70, ರಾತ್ರಿ 65. ಉಳಿದವಕ್ಕೆ 65 ಮತ್ತು 60. ಬೆಂಗಳೂರಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಏರಿಳಿತ, ಹಾಗಾಗಿ ಮೊದಲನೇ ಸಾಲು. ಮಂಗಳೂರು ಎರಡನೇ ಸಾಲಿಗೆ ಬರುತ್ತೆ. ನಿಮ್ಮ ಮನೆ ಇರೋ ಜಾಗಕ್ಕೆ 2000ದ ವಸತಿ ಪ್ರದೇಶದ ಮಿತಿ ಅನ್ವಯನಾ, 2018ರ ಏರ್‌ಪೋರ್ಟ್ ಮಿತಿನಾ ಅಂತ ಮಾಲಿನ್ಯ ನಿಯಂತ್ರಣ ಮಂಡಳಿನೇ ಲಿಖಿತವಾಗಿ ಕೇಳಿ, ಆ ಉತ್ತರ ಕೈಗೆ ಬಂದ್ರೆ ಮುಂದಿನ ಅರ್ಧ ವಾದ ಮುಗಿದ ಹಾಗೆ.

ಈಗ ಸರಾಸರಿ ವಿಷಯ, ದಯವಿಟ್ಟು ಇದನ್ನ ಎರಡು ಸಲ ಓದಿ. ಮೇಲಿನ ಎಲ್ಲಾ ಮಿತಿಗಳೂ ಎಲ್‌ಇಕ್ಯೂ ಅನ್ನೋ ಅಳತೆಯಲ್ಲಿವೆ, ಅಂದ್ರೆ ಇಡೀ ರಾತ್ರಿಯ ಸದ್ದಿನ ಶಕ್ತಿನ ಸಮನಾಗಿ ಹರಡಿ ತೆಗೆದ ಸರಾಸರಿ. ಒಂದು ಲೆಕ್ಕ ಮಾಡೋಣ. ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ ಎಂಟು ವಿಮಾನ ಹೋದ್ವು, ಪ್ರತಿಯೊಂದೂ ಅರ್ಧ ನಿಮಿಷ 80 ಡೆಸಿಬೆಲ್ ಸದ್ದು ಮಾಡ್ತು ಅಂದ್ಕೊಳ್ಳಿ, ನೀವು ಎಂಟು ಸಲ ಎದ್ರಿ. ಒಟ್ಟು ಸದ್ದು ನಾಲ್ಕು ನಿಮಿಷ, ಇಡೀ ರಾತ್ರಿ 480 ನಿಮಿಷ, ಸರಾಸರಿ ತೆಗೆದ್ರೆ ಬರೋದು ಸುಮಾರು 59 ಡೆಸಿಬೆಲ್. ಮಿತಿ 65. ಕಾಗದದ ಮೇಲೆ ಆ ರಾತ್ರಿ ಪ್ರಶಾಂತವಾಗಿತ್ತು! ಮನುಷ್ಯ ಎಚ್ಚರ ಆಗೋದು ಸರಾಸರಿಗಲ್ಲ, ಆ ಒಂದು ಕ್ಷಣದ ಸದ್ದಿಗೆ. ಅದಕ್ಕೇ ದೂರಲ್ಲಿ ಎಲ್‌ಇಕ್ಯೂ ಜೊತೆಗೆ ಎರಡು ಅಂಕಿ ಕೇಳಿ: ಒಂದೊಂದು ವಿಮಾನದ ಗರಿಷ್ಠ ಸದ್ದು ಎಷ್ಟು, ಮತ್ತು ರಾತ್ರಿಯಲ್ಲಿ 70 ಡೆಸಿಬೆಲ್ ದಾಟಿದ ವಿಮಾನ ಎಷ್ಟು. ಈ ಎರಡನೇದಕ್ಕೆ ಆಸ್ಟ್ರೇಲಿಯಾದಲ್ಲಿ ಎನ್70 ಅಂತ ಕರೆದು ಸಾರ್ವಜನಿಕರಿಗೆ ಅದರಲ್ಲೇ ವಿವರಿಸ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಅಂತ ಕೊಟ್ಟ ಮಾರ್ಗಸೂಚಿಯಲ್ಲಿ ರಾತ್ರಿ ವಿಮಾನದ ಸದ್ದು 40ಕ್ಕಿಂತ ಕೆಳಗಿರಲಿ ಅಂದಿದೆ, ನಮ್ಮ 65 ಎಲ್ಲಿ ಆ 40 ಎಲ್ಲಿ. ಆ ಮಾರ್ಗಸೂಚಿ ಇಲ್ಲಿ ಕಾನೂನಲ್ಲ, ಆದ್ರೂ ಮನವಿಯಲ್ಲಿ ಒಂದು ಸಾಲು ಇರಲಿ.

ಯಾರಿಗೆ, ಏನಂತ ಬರೆಯೋದು

112ಕ್ಕೆ ಫೋನ್ ಮಾಡಿ ಪ್ರಯೋಜನ ಇಲ್ಲ, ಪೊಲೀಸ್ನೋರಿಗೆ ವಿಮಾನ ನಿಲ್ಸೋ ಅಧಿಕಾರ ಇಲ್ಲ. ಏರ್‌ಸೇವಾ ಅನ್ನೋ ಸರ್ಕಾರಿ ಪೋರ್ಟಲ್ ಮುಖ್ಯವಾಗಿ ಪ್ರಯಾಣಿಕರ ದೂರಿಗೆ. ಮೊದಲ ಪತ್ರ ಏರ್‌ಪೋರ್ಟ್ ನಡೆಸೋ ಸಂಸ್ಥೆಗೆ, ಅದರ ಪರಿಸರ ವಿಭಾಗಕ್ಕೆ ಅಂತ ಬರೆದು ಕಳಿಸಿ. ಪ್ರತಿಗಳು ಡಿಜಿಸಿಎಗೆ (ನಾಗರಿಕ ವಿಮಾನಯಾನದ ನಿಯಮ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ), ಆಕಾಶದಲ್ಲಿ ದಾರಿ ತೋರ್ಸೋರು ಏರ್‌ಪೋರ್ಟ್ ಅಥಾರಿಟಿಯ ಎಟಿಸಿಯವರು ಆದ್ರಿಂದ ಅವರಿಗೆ, ಮತ್ತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ಕೈಯಲ್ಲಿ ಕೊಟ್ರೆ ಟಪಾಲಿನಲ್ಲಿ ಸೀಲ್ ಹಾಕಿಸ್ಕೊಂಡು ಸ್ವೀಕೃತಿ ಇಟ್ಕೊಳ್ಳಿ. ಹದಿನೈದಿಪ್ಪತ್ತು ದಿನ ಉತ್ತರ ಇಲ್ಲ ಅಂದ್ರೆ ಕೇಂದ್ರ ಸರ್ಕಾರ ಸಾರ್ವಜನಿಕರ ದೂರಿಗೆ ಅಂತ ಇಟ್ಟಿರೋ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ನಾಗರಿಕ ವಿಮಾನಯಾನ ಸಚಿವಾಲಯ ಆರಿಸಿ ಹಾಕಿ, 2024ರಿಂದ ಅಲ್ಲಿ 21 ದಿನದೊಳಗೆ ಇತ್ಯರ್ಥ ಮಾಡ್ಬೇಕು ಅಂತಿದೆ. ವಾಯುಪಡೆ ಅಥವಾ ಎಚ್‌ಎಎಲ್ ವಿಮಾನ ಆದ್ರೆ ಅದೇ ಪೋರ್ಟಲ್‌ನಲ್ಲಿ ರಕ್ಷಣಾ ಸಚಿವಾಲಯ. ಅಲ್ಲಿ ಹಾರಾಟ ಕಮ್ಮಿ ಮಾಡಿ ಅನ್ನೋದಕ್ಕಿಂತ, ಮಕ್ಕಳ ಪರೀಕ್ಷೆ ಟೈಮಲ್ಲಿ ಹಾರಾಟ ಇದ್ರೆ ಪಕ್ಕದ ಶಾಲೆಗಳಿಗೆ ಮುಂಚೆ ತಿಳಿಸಿ ಅನ್ನೋ ಥರದ ಬೇಡಿಕೆ ಆದ್ರೆ ಒಪ್ಪೋ ಸಾಧ್ಯತೆ ಜಾಸ್ತಿ.

ಪತ್ರ ಹೀಗೆ ಶುರು ಮಾಡ್ಬಹುದು:

"ಮಾನ್ಯರೇ, ವಿಷಯ: ರಾತ್ರಿ 12ರಿಂದ 4ರ ನಡುವೆ ಇಂಥ ಗ್ರಾಮದ ಮೇಲೆ ಟೇಕಾಫ್ ವಿಮಾನಗಳ ಶಬ್ದ ಕುರಿತು. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಾವು ಬರೆದಿಟ್ಟ ವಿವರ ಲಗತ್ತಿಸಿದ್ದೇವೆ. ಈ ಅವಧಿಯಲ್ಲಿ ನಮ್ಮ ಊರಿಗೆ ಹತ್ತಿರದ ಶಬ್ದ ಮಾಪನ ಕೇಂದ್ರದ ದಾಖಲೆ ಕೊಡಿ. ಆ ಕೇಂದ್ರ ನಮ್ಮ ಊರಿನಿಂದ ಎಷ್ಟು ದೂರದಲ್ಲಿದೆ ತಿಳಿಸಿ. ದೂರವಿದ್ದರೆ ಶಾಲೆಯ ತಾರಸಿಯ ಮೇಲೆ ತಾತ್ಕಾಲಿಕ ಮಾಪಕ ಇಡಿ. ರಾತ್ರಿ ಹೊತ್ತು ಎರಡು ರನ್‌ವೇಗಳನ್ನು ಯಾವ ಆಧಾರದ ಮೇಲೆ ಬಳಸುತ್ತೀರಿ ಎಂದು ಲಿಖಿತವಾಗಿ ತಿಳಿಸಿ."

ನೋಡಿ, ಪ್ರತಿ ವಾಕ್ಯಕ್ಕೂ ಒಂದು ಉತ್ತರ ಕೊಡ್ಲೇಬೇಕು. ಏರ್‌ಪೋರ್ಟ್ ಮುಚ್ಚಿ, ರಾತ್ರಿ ವಿಮಾನ ನಿಲ್ಸಿ ಅಂತ ಮೊದಲ ಪತ್ರದಲ್ಲೇ ಬರೆದ್ರೆ ಉತ್ತರ ಕೊಡೋರಿಗೆ ಕೆಲಸ ಸುಲಭ ಆಗಿಬಿಡುತ್ತೆ.

ಏನೇನು ಕೇಳ್ಬಹುದು ಅಂದ್ರೆ, ಇಳಿಯೋ ವಿಮಾನ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮಧ್ಯೆ ಮಧ್ಯೆ ಇಂಜಿನ್ ಜೋರು ಮಾಡೋ ಬದಲು ಒಂದೇ ಸಮನೆ ಇಳಿಜಾರಲ್ಲಿ ಬರೋದು, ಟೇಕಾಫ್‌ನಲ್ಲಿ ಹತ್ತಿರದ ಊರಿಗೆ ಸದ್ದು ಕಮ್ಮಿ ಬೀಳೋ ಏರುವ ಕ್ರಮ, ರಾತ್ರಿ ಇಳಿದ ಮೇಲೆ ರಿವರ್ಸ್ ಥ್ರಸ್ಟ್ ಜೋರಾಗಿ ಹಾಕದೆ ಇರೋದು (ರನ್‌ವೇ ಪಕ್ಕದ ಊರವರಿಗೆ ವಿಮಾನ ನೆಲ ಮುಟ್ಟಿದ ಮೇಲೆ ಕೇಳೋ ಗರ್ಜನೆ ಅದೇ), ರಿಪೇರಿ ಆದ ಇಂಜಿನ್ನನ್ನ ರಾತ್ರಿ ಹೊತ್ತು ಓಡ್ಸಿ ನೋಡದೆ ಇರೋದು. ಇವ್ಯಾವೂ ಹೊಸದಾಗಿ ಕಂಡುಹಿಡಿದಿದ್ದಲ್ಲ, ಜಗತ್ತಿನ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಇವೆ. ಲಂಡನ್ ಹೀಥ್ರೋನಲ್ಲಿ ಪಶ್ಚಿಮದ ಗಾಳಿ ಇರೋ ದಿನ ಇಳಿಯೋ ರನ್‌ವೇನ ಮಧ್ಯಾಹ್ನ 3 ಗಂಟೆಗೆ ಬದಲಾಯಿಸ್ತಾರೆ, ಒಂದು ದಾರಿಯ ಜನಕ್ಕೆ ಅರ್ಧ ದಿನ ಆದ್ರೂ ಉಸಿರಾಡೋಕೆ ಬಿಡುವು ಸಿಗಲಿ ಅಂತ. ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ನಿಗದಿತ ವಿಮಾನಗಳಿಲ್ಲ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರ ಕರ್ಫ್ಯೂಗೆ 1995ರಿಂದ ಕಾನೂನೇ ಇದೆ. ನಮ್ಮಲ್ಲಿ ಅಷ್ಟು ದೂರ ಹೋಗೋಕೆ ಟೈಮ್ ಬೇಕು, ಆದ್ರೆ ಎರಡು ರನ್‌ವೇ ಇರೋ ಊರಲ್ಲಿ ರಾತ್ರಿ ಪಾಳಿ ಮೇಲೆ ಒಂದೊಂದು ಕಡೆಗೆ ಬಿಡುವು ಕೊಡಿ ಅಂತ ಕೇಳೋದು ನ್ಯಾಯವಾದ ಬೇಡಿಕೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಒಬ್ಬರೇ ನೂರು ದೂರು ಬರೀಬೇಡಿ

ಅಮೆರಿಕದ ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟ್‌ಗೆ 2015ರಲ್ಲಿ 8,760 ದೂರು ಬಂದಿದ್ವು, ಅದರಲ್ಲಿ 6,852 ಒಂದೇ ಮನೆಯಿಂದ. ಆಮೇಲೆ ಏನಾಯ್ತು ಅಂದ್ರೆ, "ದೂರು ಕೊಡೋದು ಯಾರೋ ಒಬ್ಬಿಬ್ರು ಅಷ್ಟೇ" ಅನ್ನೋ ವಾದಕ್ಕೆ ಅದೇ ಅಂಕಿ ಬಳಕೆ ಆಯ್ತು, ನಿಜವಾಗ್ಲೂ ನರಳ್ತಿದ್ದ ಉಳಿದ ಜನರ ದನಿನೂ ಅದರಲ್ಲಿ ಮುಳುಗಿಹೋಯ್ತು. ಹಾಗಾಗಿ ನೀವೊಬ್ರೇ ದಿನಾ ಬರೆಯೋ ಬದಲು ಮೂವತ್ತು ನಲವತ್ತು ಮನೆಯವರು ತಿಂಗಳಿಗೊಂದು ಸಲ, ಒಬ್ಬೊಬ್ರೂ ತಮ್ಮದೇ ಮಾತಲ್ಲಿ ಬರೀಲಿ. ಅದೇ ಪತ್ರ ಜೆರಾಕ್ಸ್ ಮಾಡಿ ಸಹಿ ಹಾಕಿದ್ರೆ ಒಂದು ದೂರು ಅಂತಲೇ ಲೆಕ್ಕ ಹಾಕ್ತಾರೆ. ಹಳ್ಳಿ ಆದ್ರೆ ಗ್ರಾಮಸಭೆಯಲ್ಲಿ ವಿಷಯ ಇಟ್ಟು ಠರಾವು ಮಾಡಿಸಿ, ಪಿಡಿಒ ಸಹಿ ಇರೋ ಆ ಒಂದು ಹಾಳೆಗೆ ಇರೋ ತೂಕ ವಾಟ್ಸಾಪ್ ಗ್ರೂಪಿನ ಸಾವಿರ ಮೆಸೇಜಿಗೂ ಇಲ್ಲ. ಶಾಲೆ ಹೆಡ್‌ಮಾಸ್ಟ್ರು, ಆಶಾ ಕಾರ್ಯಕರ್ತೆ, ಪಿಎಚ್‌ಸಿ ಡಾಕ್ಟ್ರು ಇವರಿಂದ ಒಂದೊಂದು ಪತ್ರ ಸಿಕ್ಕಿದ್ರೆ ಇನ್ನೂ ಒಳ್ಳೇದು. ವಯಸ್ಸಾದವರು, ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗೋರು, ಎಸ್ಸೆಸ್ಸೆಲ್ಸಿ ಮಕ್ಕಳು, ಇವರನ್ನ ಮರೀಬೇಡಿ, ಇವರು ತಾವಾಗೇ ಬಂದು ದೂರು ಹೇಳಲ್ಲ.

ಆರ್‌ಟಿಐ ಹಾಕೋದು

ಡಿಜಿಸಿಎ ಮತ್ತು ಏರ್‌ಪೋರ್ಟ್ ಅಥಾರಿಟಿಗೆ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ಹಾಕ್ಬಹುದು. ರಾಜ್ಯ ಮಾಲಿನ್ಯ ಮಂಡಳಿಗೆ ಹಾಕುವಾಗ ಒಂದು ಎಚ್ಚರಿಕೆ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತಿದೆ, ಉದ್ದ ಕಥೆ ಬರೆದ್ರೆ ಹಿಂಬರಹ ಕೊಟ್ಟು ವಾಪಸ್ ಕಳಿಸ್ತಾರೆ. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಆಲಸ್ಯ ಮಾಡ್ಬೇಡಿ.

ಆರ್‌ಟಿಐ ಹಾಕದೇನೂ ಸಿಗೋ ಒಂದು ದಾಖಲೆ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಪರಿಸರ ಅನುಮತಿ ತಗೊಂಡಿರೋ ಪ್ರತಿ ದೊಡ್ಡ ಯೋಜನೆನೂ, ಏರ್‌ಪೋರ್ಟ್ ಸೇರಿ, ಷರತ್ತುಗಳನ್ನ ಪಾಲಿಸ್ತಿದ್ದೀವಿ ಅಂತ ವರ್ಷಕ್ಕೆರಡು ಸಲ ವರದಿ ಕೊಡ್ಬೇಕು, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ. ಅವು ಸಾರ್ವಜನಿಕ ದಾಖಲೆ. ಶಬ್ದದ ಅಳತೆ ಯಾವ ಯಾವ ಜಾಗದಲ್ಲಿ ತಗೊಂಡಿದ್ದಾರೆ ಅಂತ ಅದರಲ್ಲಿ ಹುಡುಕಿ. ಅಳತೆಯ ಜಾಗ ನಿಮ್ಮ ಊರಿನಿಂದ ದೂರ ಇದ್ರೆ, ಅಥವಾ ಹಗಲು ಮಾತ್ರ ಅಳೆದಿದ್ರೆ, ನಿಮ್ಮ ಮುಂದಿನ ಪತ್ರದ ಮೊದಲ ಸಾಲು ಅದೇ.

ಕೋರ್ಟಿನ ದಾರಿ

ಸಿವಿಲ್ ಕೋರ್ಟಿಗೆ ಓಡೋ ಮುಂಚೆ ವಕೀಲರ ಹತ್ರ ಒಂದು ಮಾತು ಕೇಳಿ. 1934ರ ಏರ್‌ಕ್ರಾಫ್ಟ್ ಆಕ್ಟ್‌ನ 17ನೇ ಸೆಕ್ಷನ್, ಸಮಂಜಸ ಎತ್ತರದಲ್ಲಿ ವಿಮಾನ ಹಾರಿತು ಅನ್ನೋ ಒಂದೇ ಕಾರಣಕ್ಕೆ ಉಪದ್ರವದ ದಾವೆ ಹೂಡೋ ಹಾಗಿಲ್ಲ ಅಂತ ತಡೆ ಹಾಕಿತ್ತು, ಆ ಕಾಯ್ದೆ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಶಬ್ದದ ವಿಷಯ ಹೆಚ್ಚಾಗಿ ಹೋಗೋದು ಹಸಿರು ನ್ಯಾಯಮಂಡಳಿಗೆ, ನಮಗೆ ಚೆನ್ನೈನ ದಕ್ಷಿಣ ಪೀಠ. ಅಲ್ಲಿ ತೊಂದ್ರೆಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು, ತಡ ಆದ್ರೆ ಕಾರಣ ಕೊಟ್ಟು ಇನ್ನು 60 ದಿನ ಅಷ್ಟೇ. ಅದಕ್ಕೇ ಪುಸ್ತಕದಲ್ಲಿ ದಿನಾಂಕ ಅಷ್ಟು ಮುಖ್ಯ.

ಅಷ್ಟರಲ್ಲಿ ಮನೆಯಲ್ಲಿ

ದೂರು ನಡೀತಾ ಇರುತ್ತೆ, ಮಲಗೋದು ಇವತ್ತೇ ಬೇಕಲ್ಲ. ಸದ್ದು ಹೆಚ್ಚಾಗಿ ಒಳಗೆ ಬರೋದು ಗೋಡೆಯಿಂದಲ್ಲ, ಸಂದಿಗಳಿಂದ. ಗಾಳಿಕಿಂಡಿ, ಎಸಿ ಪೈಪ್ ತೂತು, ಎಕ್ಸಾಸ್ಟ್ ಫ್ಯಾನ್, ಬಾಗಿಲ ಕೆಳಗಿನ ಸಂದಿ, ಮೊದಲು ಇವನ್ನ ಮುಚ್ಚಿ. ಸ್ಲೈಡಿಂಗ್ ಕಿಟಕಿ ಎಷ್ಟೇ ದುಬಾರಿ ಆದ್ರೂ ಪೂರ್ತಿ ಬಿಗಿ ಆಗಲ್ಲ, ಕೀಲಿನ ಮೇಲೆ ತೆರೆಯೋ ಕಿಟಕಿಗೆ ಸುತ್ತ ರಬ್ಬರ್ ಇರೋದು ಹಾಕ್ಸಿ. ಗಾಜು ಲ್ಯಾಮಿನೇಟೆಡ್ (ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಅಂಟ್ಸಿರೋದು) ಇರಲಿ. ಇರೋ ಕಿಟಕಿ ಕೀಳೋಕೆ ಆಗಲ್ಲ ಅಂದ್ರೆ ಅದರ ಒಳಗಡೆ ಒಂದು ಗೇಣು ಬಿಟ್ಟು ಇನ್ನೊಂದು ಗಾಜಿನ ಚೌಕಟ್ಟು ಹಾಕ್ಸಿ, ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ, ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಗೋದು ಇದರಲ್ಲೇ. ದಪ್ಪ ಪರದೆಯಿಂದ, ಗೋಡೆಗೆ ಅಂಟ್ಸೋ ಮೊಟ್ಟೆ ಟ್ರೇ ಥರದ ಫೋಮಿನಿಂದ ಹೊರಗಿನ ಸದ್ದು ನಿಲ್ಲಲ್ಲ, ದುಡ್ಡು ದಂಡ ಮಾಡ್ಬೇಡಿ. ಶೀಟ್ ಮನೆ ಆದ್ರೆ ಸದ್ದು ಬರೋದು ಮೇಲಿಂದ, ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆ ಥರದ ನಾರು) ತುಂಬಿದ ಫಾಲ್ಸ್ ಸೀಲಿಂಗ್ ಮಾಡಿಸ್ಬೇಕಾಗುತ್ತೆ. ಇಡೀ ಮನೆಗೆ ಖರ್ಚು ತಡ್ಕೊಳ್ಳೋಕಾಗಲ್ಲ ಅಂದ್ರೆ ಮಲಗೋ ಒಂದು ಕೋಣೆ ಮಾಡಿ, ಏರ್‌ಪೋರ್ಟ್‌ಗೆ ಬೆನ್ನು ಮಾಡಿರೋ ಕೋಣೆ ಆರಿಸ್ಕೊಳ್ಳಿ. ಕಿಟಕಿ ಎಲ್ಲಾ ಮುಚ್ಚಿದ ಮೇಲೆ ಗಾಳಿ ಬರೋಕೆ ಒಂದು ದಾರಿ ಬಿಡೋದು ಮರೀಬೇಡಿ.

ಇನ್ನೂ ಸೈಟ್ ತಗೊಳ್ಳೋ ಯೋಚನೆಯಲ್ಲಿ ಇರೋರು ಬ್ರೋಕರ್ ಕರ್ಕೊಂಡು ಹೋಗೋ ಭಾನುವಾರ ಮಧ್ಯಾಹ್ನದ ಜೊತೆಗೆ ಒಂದು ಸಲ ರಾತ್ರಿ 1 ಗಂಟೆಗೆ, ಒಂದು ಸಲ ಬೆಳಗಿನ ಜಾವ 5ಕ್ಕೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಮ್ಯಾಪ್‌ನಲ್ಲಿ ಎರಡೂ ರನ್‌ವೇಯಿಂದ ನೇರ ಗೆರೆ ಎಳೆದು ನೋಡಿ, ಸೈಟ್ ಆ ಗೆರೆ ಮೇಲೆ ಬಿದ್ರೆ ದರ ಎಷ್ಟೇ ಕಮ್ಮಿ ಇದ್ರೂ ನಾನಂತೂ ಬೇಡ ಅಂತೀನಿ.

ಕನಕಪುರ ರಸ್ತೆ, ನೆಲಮಂಗಲ–ಕುಣಿಗಲ್ ರಸ್ತೆ ಕಡೆಯವರಿಗೆ

ಬೆಂಗಳೂರಿನ ಎರಡನೇ ಏರ್‌ಪೋರ್ಟ್‌ಗೆ ಈ ಎರಡೂ ಕಡೆ ಜಾಗ ನೋಡಿ, 2025ರ ಏಪ್ರಿಲ್‌ನಲ್ಲಿ ಏರ್‌ಪೋರ್ಟ್ ಅಥಾರಿಟಿ ತಂಡ ಬಂದು ಪರಿಶೀಲನೆ ಮಾಡಿದೆ. ಎಲ್ಲಿ ಬರುತ್ತೋ ಅಲ್ಲಿನವರಿಗೆ ದೇವನಹಳ್ಳಿಯವರಿಗೆ ಈಗ ಇಲ್ಲದ ಒಂದು ಅವಕಾಶ ಇದೆ, ರನ್‌ವೇ ಹಾಕೋ ಮುಂಚೆ ಮಾತಾಡೋದು. ಪರಿಸರ ಅನುಮತಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತೆ, ಕನಿಷ್ಠ 30 ದಿನ ಮುಂಚೆ ಪೇಪರಲ್ಲಿ ನೋಟಿಸ್ ಬರುತ್ತೆ, ಕರಡು ವರದಿ ಡಿಸಿ ಆಫೀಸಲ್ಲಿ, ಜಿಲ್ಲಾ ಪಂಚಾಯ್ತಿಯಲ್ಲಿ ಓದೋಕೆ ಇಟ್ಟಿರ್ತಾರೆ, ಸಾರಾಂಶ ಕನ್ನಡದಲ್ಲೂ ಇರುತ್ತೆ. ಸಭೆಯಲ್ಲಿ ಪರಿಹಾರದ ಮಾತೇ ಪೂರ್ತಿ ಟೈಮ್ ತಿಂದುಬಿಡುತ್ತೆ, ಅದು ಸಹಜ, ಆದ್ರೆ ಜಮೀನು ಕಳ್ಕೊಳ್ಳದೆ ಪಕ್ಕದಲ್ಲೇ ಉಳಿಯೋ ಊರುಗಳ ಪರವಾಗಿ ಇಬ್ರು ಮೂವರಾದ್ರೂ ಎದ್ದು ಶಬ್ದದ ನಕ್ಷೆ ತೋರ್ಸಿ ಅಂತ ಕೇಳ್ಬೇಕು. 20 ವರ್ಷ ಆದಮೇಲೆ ಎಷ್ಟು ವಿಮಾನ ಅಂತ ಇಟ್ಕೊಂಡು ಆ ನಕ್ಷೆ ಮಾಡಿದ್ದೀರಿ, ರಾತ್ರಿಗೆ ಬೇರೆ ನಕ್ಷೆ ಇದ್ಯಾ, ಎರಡನೇ ರನ್‌ವೇ ಬಂದ್ರೆ ಅದರ ಗೆರೆ ಎಲ್ಲಿ ಹೋಗುತ್ತೆ, ಶಾಲೆ ಆಸ್ಪತ್ರೆಗೆ ಸೌಂಡ್‌ಪ್ರೂಫ್ ಯಾರ ಖರ್ಚಲ್ಲಿ. ಮಾತಾಡಿದ್ದನ್ನ ಬರೆದೂ ಕೊಡಿ. ನಡಾವಳಿನ ಸಭೆ ಮುಗಿಯುವಾಗ ಕನ್ನಡದಲ್ಲಿ ಓದಿ ಹೇಳ್ಬೇಕು, ಅವತ್ತೇ ಸಹಿ ಆಗ್ಬೇಕು ಅಂತ ನಿಯಮ ಇದೆ, ಹಾಗಾಗಿ ಭಾಷಣ ಮುಗೀತು ಅಂತ ಎದ್ದು ಬಸ್ ಹತ್ಬೇಡಿ, ಓದೋವರೆಗೂ ಕೂತಿದ್ದು ನಿಮ್ಮ ಊರಿನ ಹೆಸರು, ನೀವು ಕೇಳಿದ ಪ್ರಶ್ನೆ ಅದರಲ್ಲಿ ಇದ್ಯಾ ಅಂತ ಕೇಳಿಸ್ಕೊಂಡು, ಇಲ್ಲದಿದ್ರೆ ಅಲ್ಲೇ ಸೇರ್ಸಿಸಿ.